ಅಂಡಮಾನ್ ದ್ವೀಪಗಳು: ನೋಡಬೇಕಾದುದು, ನೋಡದೆ ಬಿಡಬೇಕಾದುದು

ಚೆನ್ನೈ ಬಂದರಿನಿಂದ ಪೂರ್ವಕ್ಕೆ ಸುಮಾರು 1,190 ಕಿಲೋಮೀಟರ್ ದೂರದಲ್ಲಿ, ಬಂಗಾಳ ಕೊಲ್ಲಿಯನ್ನು ಅಂಡಮಾನ್ ಸಮುದ್ರದಿಂದ ಬೇರ್ಪಡಿಸುವಂತೆ ಉತ್ತರ ದಕ್ಷಿಣವಾಗಿ ಚಾಚಿಕೊಂಡಿರುವ ದ್ವೀಪಮಾಲೆಯೇ ಅಂಡಮಾನ್ ಮತ್ತು ನಿಕೋಬಾರ್. ಸಣ್ಣಪುಟ್ಟ ನಡುಗಡ್ಡೆಗಳನ್ನೂ ನೀರಿನಿಂದ ತಲೆಯೆತ್ತಿದ ಬಂಡೆಗಳನ್ನೂ ಸೇರಿಸಿ ಎಣಿಸಿದರೆ ಇಲ್ಲಿನ ದ್ವೀಪಗಳ ಸಂಖ್ಯೆ ಎಂಟುನೂರನ್ನು ದಾಟುತ್ತದೆಯಾದರೂ ಜನವಸತಿ ಇರುವವು ಮೂವತ್ತರ ಆಸುಪಾಸಿನಲ್ಲಿವೆ. ಒಟ್ಟು 8,249 ಚದರ ಕಿಲೋಮೀಟರ್ ವಿಸ್ತೀರ್ಣದ ಈ ಕೇಂದ್ರಾಡಳಿತ ಪ್ರದೇಶದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಭಾಗವನ್ನು ಕಾಡು ಆವರಿಸಿದೆ. 2011ರ ಜನಗಣತಿಯ ಪ್ರಕಾರ ಇಲ್ಲಿ ನೆಲೆಸಿದವರು 3,80,581 ಮಂದಿ. ಅಂದರೆ ಚೆನ್ನೈ ನಗರದ ಕೆಲವೇ ಬಡಾವಣೆಗಳಲ್ಲಿ ವಾಸಿಸುವಷ್ಟು ಜನ ಇಷ್ಟು ದೊಡ್ಡ ಕಡಲಿನಲ್ಲಿ ಚದುರಿಕೊಂಡಿದ್ದಾರೆ. ದ್ವೀಪಮಾಲೆಯ ತೀರ ದಕ್ಷಿಣದ ತುದಿಯಿಂದ ಇಂಡೊನೇಷ್ಯದ ಸುಮಾತ್ರ ಇನ್ನೂರು ಕಿಲೋಮೀಟರ್ ಕೂಡ ಇಲ್ಲ. ಆಡಳಿತದ ನಕ್ಷೆಯಲ್ಲಿ ಭಾರತಕ್ಕೆ ಸೇರಿದರೂ ಭೂಗೋಳದಲ್ಲಿ ಆಗ್ನೇಯ ಏಷ್ಯಕ್ಕೆ ಹತ್ತಿರವಾಗಿರುವ ಈ ನಾಡಿಗೆ ದಕ್ಷಿಣ ಭಾರತದ ಬಾಗಿಲಾಗಿ ಚೆನ್ನೈ ನಿಂತಿದೆ.

ಈ ಬಾಗಿಲಿನ ಚರಿತ್ರೆ ಹಳೆಯದು. ಚೋಳ ದೊರೆ ರಾಜೇಂದ್ರನ ನೌಕಾಪಡೆ 1025ರ ಸುಮಾರಿಗೆ ಮಲಯ ಪರ್ಯಾಯದ್ವೀಪದ ಕಡಾರದ ಮೇಲೆ ದಂಡೆತ್ತಿ ಹೋದ ಸಂಗತಿಯನ್ನು ದಾಖಲಿಸುವ ತಂಜಾವೂರಿನ ಶಾಸನದಲ್ಲಿ, ಗೆದ್ದ ನೆಲಗಳ ಪಟ್ಟಿಯೊಳಗೆ ಮಾನಕ್ಕವಾರಂ ಎಂದು ನಿಕೋಬಾರದ ಹೆಸರೂ ಬರುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ನೌಕಾ ಅಧಿಕಾರಿ ಆರ್ಚಿಬಾಲ್ಡ್ ಬ್ಲೇರ್ 1789ರಲ್ಲಿ ಅಂಡಮಾನಿನಲ್ಲಿ ಮೊದಲ ವಸಾಹತನ್ನು ಹೂಡಿದನು. ಬಳಿಕ ಅದನ್ನು ಉತ್ತರದ ಮತ್ತೊಂದು ಬಂದರಿಗೆ ಸಾಗಿಸಿದರೂ ಅಲ್ಲಿಯ ರೋಗರುಜಿನಗಳ ದೆಸೆಯಿಂದ 1796ರಲ್ಲಿ ಕೈಬಿಡಬೇಕಾಯಿತು. 1857ರ ದಂಗೆಯ ಬಳಿಕ, 1858ರ ಮಾರ್ಚಿನಲ್ಲಿ, ಇನ್ನೂರು ಕೈದಿಗಳೊಡನೆ ಶಿಕ್ಷಾ ವಸಾಹತು ಮತ್ತೆ ಆರಂಭವಾಯಿತು. ಕರಿನೀರಿನ ಶಿಕ್ಷೆ ಎಂಬ ಮಾತು ಕನ್ನಡ ನಾಡಿನ ಮನೆಮನೆಯಲ್ಲಿ ನಡುಕ ಹುಟ್ಟಿಸುವಂತಾದದ್ದು ಅಲ್ಲಿಂದೀಚೆಗೆ. ಕಲ್ಕತ್ತದಿಂದಲೂ ಮದ್ರಾಸಿನಿಂದಲೂ ಕೈದಿಗಳನ್ನು ತುಂಬಿಕೊಂಡು ಹಡಗುಗಳು ಹೊರಡುತ್ತಿದ್ದವು. ‘ಮಹಾರಾಜ’ ಎಂಬ ಹೆಸರಿನ ಅಂಥದೊಂದು ಹಡಗಿನಲ್ಲಿ ಮದ್ರಾಸಿನಿಂದ ಸಾಗಿಸಲ್ಪಟ್ಟ ವಿನಾಯಕ ದಾಮೋದರ ಸಾವರ್ಕರ್ 1911ರ ಜುಲೈ 4ರಂದು ಅಂಡಮಾನಿನ ದಡ ಮುಟ್ಟಿದರು. ಮದ್ರಾಸು ಪ್ರಾಂತಕ್ಕೆ ಸೇರಿದ್ದ ಮಲಬಾರಿನಲ್ಲಿ 1921ರಲ್ಲಿ ದಂಗೆಯೆದ್ದ ಮಾಪಿಳ್ಳೆಗಳಲ್ಲಿ ಹಲವರನ್ನು ಇಲ್ಲಿಗೆ ಕಳಿಸಿ ನೆಲೆಗೊಳಿಸಲಾಯಿತು. ದಕ್ಷಿಣ ಅಂಡಮಾನಿನಲ್ಲಿ ಇಂದಿಗೂ ವಂಡೂರು, ಮಂಜೇರಿ, ತಿರೂರು, ಕಲ್ಲಿಕೋಟೆ ಎಂಬ ಹಳ್ಳಿಗಳಿದ್ದು, ಹುಟ್ಟೂರಿಗೆ ಮರಳುವ ಆಸೆ ಬಿಟ್ಟವರು ಹುಟ್ಟೂರಿನ ಹೆಸರನ್ನಾದರೂ ಉಳಿಸಿಕೊಂಡುದಕ್ಕೆ ಅವು ಸಾಕ್ಷಿಯಾಗಿವೆ.

ಚೆನ್ನೈಯಿಂದ ವಿಮಾನದಲ್ಲಿ ಹೊರಟವರು ಸುಮಾರು ಎರಡು ಗಂಟೆಯಲ್ಲಿ, 2024ರಲ್ಲಿ ಶ್ರೀ ವಿಜಯ ಪುರಂ ಎಂಬ ಹೊಸ ಹೆಸರು ಪಡೆದ ಪೋರ್ಟ್ ಬ್ಲೇರಿನಲ್ಲಿ ಇಳಿಯುತ್ತಾರೆ. ಬೆಂಗಳೂರಿನಿಂದಲೂ ನೇರ ವಿಮಾನಗಳಿರುವುದರಿಂದ ಕರ್ನಾಟಕದ ಪ್ರವಾಸಿಗರಲ್ಲಿ ಹಲವರು ಈಗ ಚೆನ್ನೈಯನ್ನು ಮುಟ್ಟುವುದೇ ಇಲ್ಲ. ಬಿಡುವಿದ್ದವರಿಗೆ ಹಡಗಿನ ದಾರಿಯೇ ಯೋಗ್ಯವಾದುದು. ದ್ವೀಪಾಡಳಿತದ ಪರವಾಗಿ ಭಾರತೀಯ ನೌಕಾಯಾನ ನಿಗಮ ನಡೆಸುವ ಪ್ರಯಾಣಿಕ ಹಡಗುಗಳ ಟಿಕೆಟು ಚೆನ್ನೈಯ ರಾಜಾಜಿ ಸಾಲೈಯಲ್ಲಿರುವ ಜವಾಹರ್ ಕಟ್ಟಡದಲ್ಲಿ ದೊರೆಯುತ್ತದೆ. ಹಡಗು ಹೊರಡುವ ದಿನ ರೈಲಿನಂತೆ ನಿಯತವಾದುದಲ್ಲವಾದ್ದರಿಂದ ವೇಳಾಪಟ್ಟಿ ಪ್ರಕಟವಾಗುವ ತನಕ ಕಾಯಬೇಕು, ಹೊರಟ ಮೇಲೆ ಎರಡೂವರೆಯಿಂದ ಮೂರು ದಿನ ಕಡಲಿನಲ್ಲೇ ಕಳೆಯಬೇಕು, ಕೊಲ್ಲಿ ಕೆರಳಿದ ದಿನಗಳಲ್ಲಿ ವಾಂತಿ ತಲೆಸುತ್ತುಗಳನ್ನೂ ಸಹಿಸಬೇಕು. ಮೇಲಿನ ಅಂತಸ್ತುಗಳಲ್ಲಿ ಕ್ಯಾಬಿನ್ನುಗಳೂ ಕೆಳಗೆ ಒಂದರ ಮೇಲೊಂದು ಮಲಗುಹಲಗೆಗಳನ್ನು ಜೋಡಿಸಿದ ಬಂಕ್ ದರ್ಜೆಯೂ ಇರುತ್ತವೆ. ಬಂಕಿನಲ್ಲಿ ಪ್ರಯಾಣಿಸುವವರು ಹೆಚ್ಚಾಗಿ ದ್ವೀಪವಾಸಿಗಳು: ಆಸ್ಪತ್ರೆಗೆಂದು ಬಂದು ಮರಳುವವರು, ಓದಲು ಬಂದ ಮಕ್ಕಳು, ಮದುವೆಯ ಜವಳಿ ಕೊಂಡವರು, ಕಟ್ಟಡದ ಕೆಲಸ ಹುಡುಕಿ ಹೋಗುವವರು. ದ್ವೀಪದ ಅಂಗಡಿಗಳಲ್ಲಿ ಕಾಣುವ ಅಕ್ಕಿ, ಈರುಳ್ಳಿ, ಸಿಮೆಂಟು, ಔಷಧಿಗಳ ಬಹುಭಾಗ ಇಂಥ ನೀರದಾರಿಯಲ್ಲಿ ಮುಖ್ಯಭೂಮಿಯಿಂದಲೇ ಬರಬೇಕು. ಪ್ರವಾಸಿಯು ಅಲ್ಲಿನ ಹೋಟೆಲಿನಲ್ಲಿ ಒಂದು ಊಟಕ್ಕೆ ತೆರುವ ಬೆಲೆ ಏಕೆ ಹೆಚ್ಚು ಎಂಬ ಪ್ರಶ್ನೆಗೆ ಉತ್ತರ ಹಡಗಿನ ಸರಕು ಕೋಣೆಯಲ್ಲಿದೆ. ಚೆನ್ನೈ ಮತ್ತು ದ್ವೀಪಗಳ ನಡುವೆ ಕಡಲ ತಳದಲ್ಲಿ ಹಾಸಿದ ಸುಮಾರು 2,300 ಕಿಲೋಮೀಟರ್ ಉದ್ದದ ದೂರಸಂಪರ್ಕ ಕೇಬಲ್ 2020ರ ಆಗಸ್ಟ್ 10ರಂದು ಕಾರ್ಯಾರಂಭ ಮಾಡುವವರೆಗೆ ಅಲ್ಲಿಯವರು ಉಪಗ್ರಹದ ದುಬಾರಿ ಹಾಗೂ ನಿಧಾನವಾದ ಸಂಪರ್ಕವನ್ನೇ ನೆಚ್ಚಿಕೊಂಡಿದ್ದರು.

ಗಡಿಯಾರ ಒಂದೇ ಆದರೂ ಹೊತ್ತು ಬೇರೆ ಎಂಬುದು ದಡಕ್ಕಿಳಿದ ಮೊದಲ ದಿನವೇ ಅರಿವಿಗೆ ಬರುತ್ತದೆ. ಪೋರ್ಟ್ ಬ್ಲೇರ್ ಚೆನ್ನೈಗಿಂತ ಸುಮಾರು ಹನ್ನೆರಡೂವರೆ ಡಿಗ್ರಿ ಪೂರ್ವಕ್ಕಿರುವುದರಿಂದ ಅಲ್ಲಿ ಸೂರ್ಯ ಐವತ್ತು ನಿಮಿಷ ಮೊದಲೇ ಮೂಡಿ ಅಷ್ಟೇ ಮೊದಲು ಮುಳುಗುತ್ತಾನೆ; ಚಳಿಗಾಲದಲ್ಲಿ ಸಂಜೆ ಐದರ ವೇಳೆಗೆಲ್ಲ ಕತ್ತಲು ಕವಿಯತೊಡಗುತ್ತದೆ. ಆದುದರಿಂದ ನೋಡುವ ಕೆಲಸವೆಲ್ಲ ಬೆಳಗಿನ ಹೊತ್ತಿನಲ್ಲೇ ಮುಗಿಯಬೇಕು. ಮುಂಗಾರು ಹಿಂಗಾರುಗಳೆರಡರ ಮಳೆಯೂ ಸುರಿಯುವ ಈ ದ್ವೀಪಗಳಿಗೆ ನವೆಂಬರಿನ ಕೊನೆಯಿಂದ ಏಪ್ರಿಲ್‌ವರೆಗಿನ ಅವಧಿ ಅನುಕೂಲವಾದುದು. ಹೀಗಿದ್ದರೂ ಬೇಸಿಗೆಯಲ್ಲಿ ಪಟ್ಟಣಕ್ಕೆ ಕುಡಿಯುವ ನೀರಿನ ಅಭಾವ ತಟ್ಟುತ್ತದೆ. ಹೊರಗಿನಿಂದ ಹೋದವರು ನೀರನ್ನು ಹಿಡಿತದಲ್ಲಿ ಬಳಸುವುದು ಅಲ್ಲಿಯವರಿಗೆ ಮಾಡುವ ನಿಜವಾದ ಉಪಕಾರ.

ಪಟ್ಟಣದಲ್ಲಿ ಮೊದಲು ನೋಡಬೇಕಾದುದು ಸೆಲ್ಯುಲರ್ ಜೈಲು. 1896ರಲ್ಲಿ ಆರಂಭಿಸಿ 1906ರಲ್ಲಿ ಮುಗಿಸಿದ ಈ ಕಟ್ಟಡದಲ್ಲಿ ನಡುವಿನ ಕಾವಲು ಗೋಪುರದಿಂದ ಏಳು ದಿಕ್ಕಿಗೆ ಏಳು ಮಹಡಿಸಾಲುಗಳು ಚಾಚಿಕೊಂಡಿದ್ದವು. ಒಬ್ಬ ಕೈದಿಗೆ ಒಂದರಂತೆ ಸುಮಾರು ಏಳುನೂರು ಕೋಣೆಗಳಿದ್ದುದರಿಂದ, ಕೋಣೆ ಎಂಬರ್ಥದ ಇಂಗ್ಲಿಷ್ ಮಾತೇ ಜೈಲಿನ ಹೆಸರಾಯಿತು. ಪ್ರತಿ ಕೋಣೆ ಹದಿಮೂರೂವರೆ ಅಡಿ ಉದ್ದ, ಏಳೂವರೆ ಅಡಿ ಅಗಲ. ಹಿಂಬದಿಯ ಗೋಡೆಯಲ್ಲಿ ಕೈಗೆ ನಿಲುಕದ ಎತ್ತರದಲ್ಲಿ ಒಂದು ಗವಾಕ್ಷಿ. ಒಂದು ಸಾಲಿನ ಮುಂಭಾಗ ಇನ್ನೊಂದು ಸಾಲಿನ ಬೆನ್ನಿಗೆ ಎದುರಾಗುವಂತೆ ಕಟ್ಟಿರುವುದರಿಂದ ಕೈದಿಗೆ ತನ್ನ ಬಾಗಿಲ ಸರಳುಗಳ ನಡುವಿನಿಂದ ಕಾಣುತ್ತಿದ್ದುದು ಬರಿಯ ಗೋಡೆ. ಇನ್ನೊಬ್ಬ ಕೈದಿಯ ಮುಖ ಕಾಣುವ ಸಾಧ್ಯತೆಯನ್ನು ನಕ್ಷೆಯೇ ಇಲ್ಲವಾಗಿಸಿತ್ತು. ನೋಡಲು ಹೋದವರು ಬಾಗಿಲ ಚಿಲಕದ ಮುಂದೆ ತುಸು ನಿಲ್ಲಬೇಕು. ಕಬ್ಬಿಣದ ಅಗುಳಿ ಬಾಗಿಲಿನಲ್ಲೇ ಮುಗಿಯದೆ ಪಕ್ಕದ ಗೋಡೆಯೊಳಗೆ ಕೊರೆದ ಗೂಡಿನವರೆಗೆ ಸಾಗಿ ಅಲ್ಲಿ ಬೀಗಕ್ಕೆ ಸೇರುತ್ತದೆ. ಸರಳುಗಳಿಂದ ಎಷ್ಟು ಉದ್ದಕ್ಕೆ ತೋಳು ಚಾಚಿದರೂ ಬೀಗ ಕೈಗೆ ತಗಲಬಾರದೆಂದು ಅಳೆದು ಮಾಡಿದ ಏರ್ಪಾಡು ಅದು. ಒಬ್ಬಂಟಿತನವನ್ನೇ ಶಿಕ್ಷೆಯಾಗಿ ರೂಪಿಸಿದ ಬುದ್ಧಿ ಎಂಥದೆಂಬುದು ಆ ಅಗುಳಿಯಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಅಂಗಳದ ಫಲಕಗಳಲ್ಲಿ ಕಾಣುವುದಿಲ್ಲ.

ಕೈದಿಗಳನ್ನು ಎತ್ತಿನ ಜಾಗದಲ್ಲಿ ಗಾಣಕ್ಕೆ ಕಟ್ಟಿ ಕೊಬ್ಬರಿಯಿಂದ ಎಣ್ಣೆ ತೆಗೆಸುತ್ತಿದ್ದರು, ತೆಂಗಿನ ನಾರು ಬಡಿಸುತ್ತಿದ್ದರು. ನಿಗದಿಯಾದಷ್ಟು ಕೆಲಸ ಮುಗಿಯದಿದ್ದರೆ ಕೋಳ ಮತ್ತು ಚಾಟಿಯೇಟು. 1933ರ ಉಪವಾಸ ಮುಷ್ಕರದಲ್ಲಿ ಬಲವಂತವಾಗಿ ಹಾಲು ತುರುಕಿದಾಗ ಮಹಾವೀರ ಸಿಂಗ್, ಮೋಹನ ಕಿಶೋರ ನಾಮದಾಸ್, ಮೋಹಿತ ಮೈತ್ರ ಎಂಬ ಮೂವರು ಕ್ರಾಂತಿಕಾರಿಗಳು ಪ್ರಾಣ ತೆತ್ತರು. 1937ರಲ್ಲಿ ಮತ್ತೆ ಉಪವಾಸ ನಡೆದು, ಅದರ ಫಲವಾಗಿ ರಾಜಕೀಯ ಕೈದಿಗಳನ್ನು ಮುಖ್ಯಭೂಮಿಗೆ ಮರಳಿಸಲಾಯಿತು. ಏಳು ಸಾಲುಗಳಲ್ಲಿ ಈಗ ಉಳಿದಿರುವುದು ಮೂರು. ಉಳಿದವು ನೆಲಸಮವಾಗಿ ಆ ಜಾಗದ ಒಂದು ಭಾಗದಲ್ಲಿ ಗೋವಿಂದ ವಲ್ಲಭ ಪಂತ್ ಆಸ್ಪತ್ರೆ ನಿಂತಿದೆ. ಈ ಕಟ್ಟಡ 1979ರ ಫೆಬ್ರವರಿ 11ರಂದು ರಾಷ್ಟ್ರೀಯ ಸ್ಮಾರಕವಾಯಿತು. ಸಂಜೆಯ ಧ್ವನಿ-ಬೆಳಕಿನ ಪ್ರದರ್ಶನಕ್ಕೆ ಜನ ಕಿಕ್ಕಿರಿಯುತ್ತಾರೆ; ಆದರೆ ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ ಒಂದು ಕೋಣೆಯೊಳಗೆ ಸುಮ್ಮನೆ ನಿಂತು ಬರುವುದರಿಂದ ತಿಳಿಯುವುದೇ ಹೆಚ್ಚು.

ಜೈಲಿನ ಎದುರಿಗೇ ಕಾಣುವ ರಾಸ್ ದ್ವೀಪ, ಈಗಿನ ನೇತಾಜಿ ಸುಭಾಷ್ ಚಂದ್ರ ಬೋಸ್ ದ್ವೀಪ, ಬ್ರಿಟಿಷ್ ಆಡಳಿತದ ಕೇಂದ್ರವಾಗಿತ್ತು. ಚರ್ಚು, ಬೇಕರಿ, ನೃತ್ಯಶಾಲೆಗಳಿದ್ದ ಆ ಊರು 1941ರ ಭೂಕಂಪದಿಂದಲೂ ಮರುವರ್ಷದ ಜಪಾನೀ ಆಕ್ರಮಣದಿಂದಲೂ ಪಾಳುಬಿದ್ದು, ಇಂದು ಗೋಡೆಗಳನ್ನು ಆಲ ಅತ್ತಿಗಳ ಬೇರುಗಳೇ ಹಿಡಿದು ನಿಲ್ಲಿಸಿವೆ. ಜಪಾನೀಯರು 1942ರ ಮಾರ್ಚಿನಿಂದ 1945ರವರೆಗೆ ದ್ವೀಪಗಳನ್ನು ಆಳಿದರು. ಆ ಅವಧಿಯಲ್ಲೇ, 1943ರ ಡಿಸೆಂಬರ್ 30ರಂದು, ಸುಭಾಷರು ಪೋರ್ಟ್ ಬ್ಲೇರಿನಲ್ಲಿ ಧ್ವಜವೇರಿಸಿದರು. ಅದೇ ಕಾಲದಲ್ಲಿ ಗೂಢಚಾರರೆಂಬ ಗುಮಾನಿಯಿಂದ ದ್ವೀಪದ ಅನೇಕ ಅಮಾಯಕರನ್ನು ಜಪಾನೀಯರು ಹಿಂಸಿಸಿ ಕೊಂದುದನ್ನೂ ಪಕ್ಕದಲ್ಲಿಟ್ಟೇ ನೆನೆಯಬೇಕು. 1883ರಲ್ಲಿ ಆರಂಭವಾದ ಚಾಥಮ್ ಮರದ ಕಾರ್ಖಾನೆಯಲ್ಲಿ ಅಂಡಮಾನಿನ ಹೆಸರಾಂತ ಪಡೌಕ್ ಮರದ ಕೆಂಪು ಹಲಗೆಗಳನ್ನು ನೋಡಬಹುದು. ಕೊಲ್ಲಿಯ ಆಚೆ ಬದಿಯ ಹ್ಯಾರಿಯೆಟ್ ಬೆಟ್ಟದ, ಈಗಿನ ಮೌಂಟ್ ಮಣಿಪುರದ, ಮೇಲಿನಿಂದ ಕಾಣುವುದನ್ನು ಭಾರತೀಯರಲ್ಲಿ ಬಹುಮಂದಿ ಅರಿಯದೆಯೇ ಕಂಡಿದ್ದಾರೆ. ಹಳೆಯ ಕೆಂಪು ಬಣ್ಣದ ಇಪ್ಪತ್ತು ರೂಪಾಯಿ ನೋಟಿನ ಹಿಂಬದಿಯ ತೆಂಗಿನ ಮರ, ದೀಪಸ್ತಂಭಗಳ ಚಿತ್ರ ಅಲ್ಲಿಂದ ಕಾಣುವ ನೋಟ. ಅದೇ ಬೆಟ್ಟದಿಂದ ಸಂಜೆ ಇಳಿದು ಬಂದ ವೈಸರಾಯ್ ಲಾರ್ಡ್ ಮೇಯೊನನ್ನು 1872ರ ಫೆಬ್ರವರಿ 8ರಂದು ಬುಡದ ದೋಣಿಕಟ್ಟೆಯಲ್ಲಿ ಶೇರ್ ಅಲಿ ಎಂಬ ಕೈದಿ ಇರಿದು ಕೊಂದನು.

ಪೋರ್ಟ್ ಬ್ಲೇರಿನ ಅಬರ್ಡೀನ್ ಬಜಾರಿನಲ್ಲಿ ನಡೆದರೆ ತಮಿಳು, ಬಂಗಾಳಿ, ತೆಲುಗು, ಮಲಯಾಳಗಳು ಒಟ್ಟೊಟ್ಟಿಗೆ ಕಿವಿಗೆ ಬೀಳುತ್ತವೆ. ಪರಸ್ಪರ ವ್ಯವಹಾರ ಹಿಂದಿಯಲ್ಲಿ. ಕೈದಿಗಳ ವಂಶದವರು ತಮ್ಮನ್ನು ‘ಲೋಕಲ್ ಬಾರ್ನ್’ ಎಂದು ಕರೆದುಕೊಳ್ಳುತ್ತಾರೆ. ಅವರಲ್ಲಿ ಜಾತಿ ಮತಗಳ ಕಟ್ಟು ಮುಖ್ಯಭೂಮಿಯಷ್ಟು ಬಿಗಿಯಾಗಿ ಉಳಿಯದೆ ಮದುವೆಗಳು ಗೆರೆ ದಾಟಿ ನಡೆದವು. ದೇಶವಿಭಜನೆಯ ಬಳಿಕ ಬಂದ ಪೂರ್ವ ಬಂಗಾಳದ ನಿರಾಶ್ರಿತರೂ, ಛೋಟಾ ನಾಗಪುರದ ಕೂಲಿಗಳೂ, ಬರ್ಮಾದ ಕರೆನ್ ಜನರೂ, ಶ್ರೀಲಂಕೆಯಿಂದ ಮರಳಿದ ತಮಿಳರೂ ಇಲ್ಲಿ ನೆಲೆ ಕಂಡುಕೊಂಡಿದ್ದಾರೆ. ಬೀದಿಬದಿಯ ಈ ಜನಜೀವನವನ್ನು ಪ್ರವಾಸದ ಕಾರ್ಯಕ್ರಮಪಟ್ಟಿಗಳು ಯಾವತ್ತೂ ನಮೂದಿಸುವುದಿಲ್ಲವೆಂಬುದು ಖೇದದ ಸಂಗತಿ. ಕನ್ನಡದ ಓದುಗರಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್’ ಕೃತಿಯ ಮೂಲಕ ಈ ದ್ವೀಪಗಳ ಪರಿಚಯವಿದ್ದೇ ಇದೆ.

ಕಡಲಿನ ಸೊಬಗನ್ನು ಹುಡುಕುವವರು ಮೊದಲು ವಂಡೂರಿನ ಮಹಾತ್ಮ ಗಾಂಧಿ ಕಡಲ ರಾಷ್ಟ್ರೀಯ ಉದ್ಯಾನಕ್ಕೆ ಹೋಗುತ್ತಾರೆ. 1983ರಲ್ಲಿ ಸ್ಥಾಪಿತವಾದ, ಹದಿನೈದು ದ್ವೀಪಗಳನ್ನೂ ಅವುಗಳ ಸುತ್ತಲಿನ ನೀರನ್ನೂ ಒಳಗೊಂಡ ಈ ಉದ್ಯಾನದಲ್ಲಿ ಪ್ರವಾಸಿಗರಿಗೆ ತೆರೆದಿರುವುದು ವರ್ಷದ ಒಂದು ಭಾಗ ಜಾಲಿ ಬಾಯ್, ಇನ್ನೊಂದು ಭಾಗ ರೆಡ್ ಸ್ಕಿನ್. ಒಂದಕ್ಕೆ ವಿಶ್ರಾಂತಿ ಕೊಟ್ಟು ಇನ್ನೊಂದನ್ನು ತೋರಿಸುವ ಕ್ರಮವಿದು. ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಗಾಜಿನ ತಳದ ದೋಣಿಯಿಂದ ಕಾಣುವ ಹವಳ ನೋಟಕ್ಕೆ ಕಲ್ಲಿನಂತಿದ್ದರೂ ಜೀವವಿರುವ ವಸ್ತು. ಸಾಸಿವೆಯಷ್ಟು ಚಿಕ್ಕವೂ ಇರಬಹುದಾದ ಅಸಂಖ್ಯ ಪ್ರಾಣಿಗಳು ತಮ್ಮ ಮೈಯೊಳಗೆ ಪಾಚಿಯ ಕಣಗಳಿಗೆ ಆಸರೆ ಕೊಟ್ಟು, ಆ ಪಾಚಿ ಬಿಸಿಲಿನಿಂದ ತಯಾರಿಸಿದ ಆಹಾರವನ್ನು ಹಂಚಿಕೊಂಡು, ಸುಣ್ಣದ ಗೂಡನ್ನು ವರ್ಷಕ್ಕೆ ಇಷ್ಟಿಷ್ಟೇ ಕಟ್ಟುತ್ತ ಹೋಗುತ್ತವೆ. ಕಡಲ ನೀರು ವಾಡಿಕೆಗಿಂತ ಒಂದೆರಡು ಡಿಗ್ರಿ ಹೆಚ್ಚು ಬಿಸಿಯಾಗಿ ಬಹುಕಾಲ ಉಳಿದರೆ ಪಾಚಿ ಹೊರಬಿದ್ದು ಹವಳ ಬಿಳಿಚಿಕೊಳ್ಳುತ್ತದೆ, ನೀರು ತಣಿಯದಿದ್ದರೆ ಸಾಯುತ್ತದೆ. 1998, 2010 ಮತ್ತು 2016ರಲ್ಲಿ ಅಂಡಮಾನಿನ ಹವಳಗಳಿಗೆ ಇಂಥ ಪೆಟ್ಟು ಬಿದ್ದಿದೆ. ಹವಳವನ್ನು ಕಾಲಿನಿಂದ ಮೆಟ್ಟುವುದು, ಮುರಿದು ತರುವುದು ಕಾನೂನಿನ ಪ್ರಕಾರ ಅಪರಾಧವೆಂದು ಎಚ್ಚರಿಕೆಯಿದ್ದರೂ, ತಲೆಮಾರುಗಳ ಕಟ್ಟಡವನ್ನು ಒಂದು ಹೆಜ್ಜೆ ಕೆಡವುತ್ತದೆಂಬ ತಿಳಿವಳಿಕೆಯೇ ಅದಕ್ಕಿಂತ ಗಟ್ಟಿಯಾದ ಕಾವಲು.

ವಂಡೂರಿನ ದಾರಿಯಲ್ಲಿ ಸಿಪ್ಪಿಘಾಟ್ ಎಂಬಲ್ಲಿ ರಸ್ತೆಯ ಬದಿಗೆ ಗದ್ದೆಗಳಿದ್ದ ಬಯಲು ಈಗ ಉಪ್ಪು ನೀರಿನ ಕೆರೆಯಂತಿದೆ. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ದಕ್ಷಿಣದ ನೆಲ ಕುಸಿದು, ಉತ್ತರ ಅಂಡಮಾನಿನ ದಡ ಮೇಲಕ್ಕೆದ್ದುದರ ಗುರುತು ಅದು. ಅಂದು ನಿಕೋಬಾರವನ್ನು ನುಂಗಿದ ಸುನಾಮಿ ಅಲೆಯೇ ಸುಮಾರು ಎರಡು ಗಂಟೆಯ ಬಳಿಕ ಚೆನ್ನೈಯ ಮರೀನಾ ದಡಕ್ಕೂ ಅಪ್ಪಳಿಸಿತು.

ಹ್ಯಾವ್ಲಾಕ್ ಎಂದು ಬಹುಕಾಲ ಕರೆಸಿಕೊಂಡ ಸ್ವರಾಜ್ ದ್ವೀಪದ ರಾಧಾನಗರ ಕಡಲತೀರದ ಖ್ಯಾತಿ ಎಲ್ಲರಿಗೂ ತಿಳಿದದ್ದೇ. ಮರಗಳು ಮರಳಿನ ಅಂಚಿಗೇ ಬಂದು ನಿಂತಿರುವುದರಿಂದ ಅಲ್ಲಿನ ಚೆಲುವಿಗೆ ಬೇರೆಯೇ ತೂಕವಿದೆ. ಕೆಲವು ತೀರಗಳಲ್ಲಿ ಉಪ್ಪುನೀರಿನ ಮೊಸಳೆಯ ಎಚ್ಚರಿಕೆ ಫಲಕಗಳಿರುತ್ತವೆ, ಅವನ್ನು ಕಡೆಗಣಿಸಬಾರದು. ಉತ್ತರದ ದಿಗ್ಲಿಪುರದ ಬಳಿಯ ಕಾಲಿಪುರ ತೀರಕ್ಕೆ ಚಳಿಗಾಲದ ರಾತ್ರಿಗಳಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ; ಪಕ್ಕದಲ್ಲೇ 732 ಮೀಟರ್ ಎತ್ತರದ ಸ್ಯಾಡಲ್ ಪೀಕ್ ದ್ವೀಪಗಳ ಅತಿ ಎತ್ತರದ ಶಿಖರ. ಪೋರ್ಟ್ ಬ್ಲೇರಿನಿಂದ ಈಶಾನ್ಯಕ್ಕೆ ಸುಮಾರು 140 ಕಿಲೋಮೀಟರ್ ದೂರದ ಬ್ಯಾರನ್ ದ್ವೀಪದಲ್ಲಿ ಭಾರತದ ಏಕೈಕ ಜೀವಂತ ಜ್ವಾಲಾಮುಖಿಯಿದ್ದು, ಒಂದೂವರೆ ಶತಮಾನಕ್ಕೂ ಮಿಕ್ಕ ನಿದ್ರೆಯ ಬಳಿಕ 1991ರಲ್ಲಿ ಎಚ್ಚೆತ್ತ ಅದು ಮುಂದೆಯೂ ಹಲವು ಬಾರಿ ಉಗುಳಿದೆ.

ಬಾರಾಟಾಂಗ್ ದ್ವೀಪದ ವಿಚಾರ ತುಸು ವಿಸ್ತಾರವಾಗಿ ಹೇಳಬೇಕಾದುದು. ಅಲ್ಲಿ ಕಾಂಡ್ಲಾ ಕಾಡಿನ ತೊರೆಯೊಳಗೆ ದೋಣಿಯಲ್ಲಿ ಸಾಗಿ ಸುಣ್ಣಕಲ್ಲಿನ ಗುಹೆಗಳನ್ನು ನೋಡಬಹುದು. ನೆಲದಾಳದ ಅನಿಲದ ಒತ್ತಡಕ್ಕೆ ತಣ್ಣನೆಯ ಕೆಸರು ಬುಳುಬುಳು ಉಕ್ಕುವ ಕೆಸರು ಜ್ವಾಲಾಮುಖಿಗಳೂ ಇವೆ. ಆದರೆ ಅಲ್ಲಿಗೆ ಹೋಗುವ ಅಂಡಮಾನ್ ಹೆದ್ದಾರಿ ಜಾರವ ಜನರ ಮೀಸಲು ಕಾಡನ್ನು ಸೀಳಿಕೊಂಡು ಹೋಗುತ್ತದೆ. ಸಾವಿರಾರು ವರ್ಷಗಳಿಂದ ಬೇಟೆ, ಜೇನು, ಗೆಡ್ಡೆಗಳಿಂದ ಬದುಕಿದ ಈ ಜನ 1997ರ ವರೆಗೂ ಹೊರಗಿನವರನ್ನು ಬಿಲ್ಲುಬಾಣಗಳಿಂದಲೇ ದೂರವಿಟ್ಟಿದ್ದರು. ಅವರ ಸಂಖ್ಯೆ ಕೆಲವು ನೂರನ್ನು ಮೀರದು. ಹೊರಗಿನವರ ಸಾಮಾನ್ಯ ರೋಗಗಳೇ ಅವರಿಗೆ ಮಾರಕ. ನೆರೆಯ ಗ್ರೇಟ್ ಅಂಡಮಾನೀಯರ ಕಥೆಯೇ ಇದಕ್ಕೆ ಸಾಕ್ಷಿ: ವಸಾಹತು ಬಂದ ಕಾಲಕ್ಕೆ ಸಾವಿರಗಳಲ್ಲಿದ್ದ ಆ ಜನ 1961ರ ವೇಳೆಗೆ ಹತ್ತೊಂಬತ್ತಕ್ಕೆ ಇಳಿದಿದ್ದರು, ಅವರ ಭಾಷೆಗಳಲ್ಲಿ ಒಂದಾದ ಬೋ ನುಡಿಯನ್ನಾಡುತ್ತಿದ್ದ ಕೊನೆಯ ಮಹಿಳೆ 2010ರಲ್ಲಿ ತೀರಿಕೊಂಡರು. ಮೀಸಲಿನೊಳಗಿನ ಹೆದ್ದಾರಿಯನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟು 2002ರಲ್ಲೇ ಆದೇಶಿಸಿತಾದರೂ ರಸ್ತೆ ಇಂದಿಗೂ ನಡೆಯುತ್ತಿದೆ. ನಿಗದಿಯಾದ ವೇಳೆಯಲ್ಲಿ ವಾಹನಗಳನ್ನು ಸಾಲುಗಟ್ಟಿಸಿ ಪೊಲೀಸ್ ಬೆಂಗಾವಲಿನಲ್ಲಿ ಬಿಡುತ್ತಾರೆ. ನಿಲ್ಲಿಸುವುದು, ಚಿತ್ರ ತೆಗೆಯುವುದು, ತಿಂಡಿ ಎಸೆಯುವುದು ನಿಷಿದ್ಧ. 1956ರ ಬುಡಕಟ್ಟು ರಕ್ಷಣಾ ನಿಯಮಾವಳಿಯ ಪ್ರಕಾರ ಶಿಕ್ಷೆಯೂ ಇದೆ. ಇಷ್ಟಿದ್ದೂ ಜಾರವ ಹೆಂಗಸರನ್ನು ಪ್ರವಾಸಿಗರ ಮುಂದೆ ಕುಣಿಸಿದ ದೃಶ್ಯಗಳು 2012ರಲ್ಲಿ ಜಗತ್ತಿಗೆಲ್ಲ ತಿಳಿದು ದೇಶ ತಲೆತಗ್ಗಿಸಬೇಕಾಯಿತು.

ಗುಹೆಗಳೆಂದರೆ ಕರ್ನಾಟಕ, ಆಂಧ್ರ, ಮೇಘಾಲಯಗಳಲ್ಲೂ ಇವೆ. ಒಬ್ಬ ಮನುಷ್ಯನ ಮನೆಯಂಗಳವನ್ನು ಅವನ ಒಪ್ಪಿಗೆಯಿಲ್ಲದೆ ದಾಟದೆ ನೋಡಲಾಗದ ಗುಹೆಯನ್ನು ನೋಡದೆ ಬಿಡುವುದು ಸರಿಯಾದ ದಾರಿ. ಹೆದ್ದಾರಿ ಬಿಟ್ಟು ಹಡಗಿನಲ್ಲೇ ಉತ್ತರದ ದ್ವೀಪಗಳಿಗೆ ಹೋಗುವ ಅನುಕೂಲವಿದೆ, ಹೊತ್ತು ಹೆಚ್ಚು ಹಿಡಿಯುತ್ತದೆ, ಅಷ್ಟೇ. ಹೊರಗಿನವರ ಸಂಪರ್ಕವನ್ನು ಇಂದಿಗೂ ಒಲ್ಲದ ಸೆಂಟಿನಲ್ ಜನರ ದ್ವೀಪದ ಸುತ್ತ ಐದು ಕಿಲೋಮೀಟರ್ ನೀರಿನೊಳಗೆ ಯಾರೂ ಸುಳಿಯುವಂತಿಲ್ಲವೆಂಬ ನಿಯಮದ ಹಿಂದೆಯೂ ಇದೇ ವಿವೇಕವಿದೆ.

ಹತ್ತನೆಯ ಅಕ್ಷಾಂಶದ ಹೆಸರಿನ, ಸುಮಾರು 150 ಕಿಲೋಮೀಟರ್ ಅಗಲದ ಕಡಲ್ಗಾಲುವೆಯ ದಕ್ಷಿಣಕ್ಕಿರುವ ನಿಕೋಬಾರ್ ಜಿಲ್ಲೆ ಬುಡಕಟ್ಟಿನ ಮೀಸಲು ಪ್ರದೇಶವಾದುದರಿಂದ ವಿಶೇಷ ಅನುಮತಿಯಿಲ್ಲದೆ ಪ್ರವಾಸಿಗರಿಗೆ ಪ್ರವೇಶವಿಲ್ಲ. ಅದರ ತುದಿಯ ಗ್ರೇಟ್ ನಿಕೋಬಾರಿನಲ್ಲಿ ಕಾಡುವಾಸಿ ಶೊಂಪೆನ್ನರೂ ಕರಾವಳಿಯ ನಿಕೋಬಾರಿಗಳೂ ಇದ್ದಾರೆ. ಅಲ್ಲಿನ ಇಂದಿರಾ ಪಾಯಿಂಟಿನ ದೀಪಸ್ತಂಭದ ಬುಡ 2004ರಲ್ಲಿ ನಾಲ್ಕು ಮೀಟರಿಗೂ ಹೆಚ್ಚು ಕುಸಿದು ನೀರಿಗೆ ಸೇರಿತು. ಗಲಾಥಿಯಾ ಕೊಲ್ಲಿಯ ಮರಳಿಗೆ ಕಡಲಾಮೆಗಳಲ್ಲೇ ಅತಿ ದೊಡ್ಡದಾದ ತೊಗಲಬೆನ್ನಿನ ಆಮೆ ಮೊಟ್ಟೆಯಿಡಲು ಬರುತ್ತದೆ. ಅದೇ ಕೊಲ್ಲಿಯಲ್ಲಿ ದೊಡ್ಡ ಹಡಗಿನ ಸರಕನ್ನು ಸಣ್ಣ ಹಡಗುಗಳಿಗೆ ವರ್ಗಾಯಿಸುವ ಬಂದರು, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ, ಹೊಸ ಪಟ್ಟಣಗಳ ಸುಮಾರು 72,000 ಕೋಟಿ ರೂಪಾಯಿಯ ಯೋಜನೆಗೆ 2022ರ ನವೆಂಬರಿನಲ್ಲಿ ಪರಿಸರ ಅನುಮತಿ ದೊರೆಯಿತು. ಮಲಕ್ಕಾ ಜಲಸಂಧಿಯ ಬಾಯಿಯಲ್ಲಿ ದೇಶಕ್ಕೊಂದು ಬಂದರು ಬೇಕೆಂಬ ವಾದಕ್ಕೆ ತೂಕವಿದೆ. 130 ಚದರ ಕಿಲೋಮೀಟರಿನಷ್ಟು ಮಳೆಕಾಡನ್ನು ಬಿಟ್ಟುಕೊಡಬೇಕೆಂಬುದು ಅದಕ್ಕಿಂತ ಭಾರವಾದ ಮಾತು. ಸುನಾಮಿಯ ಬಳಿಕ ಹಳೆಯ ಊರುಗಳಿಂದ ಎತ್ತಿ ತಂದು ಕ್ಯಾಂಪ್‌ಬೆಲ್ ಬೇ ಕಡೆಯ ವಸತಿಗಳಲ್ಲಿ ಇರಿಸಲಾದ ನಿಕೋಬಾರಿ ಕುಟುಂಬಗಳು ತಮ್ಮ ಹಿರಿಯರ ದಡಕ್ಕೆ ಮರಳಲು ಅಂದಿನಿಂದಲೂ ಕೇಳುತ್ತಿವೆ, ಅವರ ಬುಡಕಟ್ಟು ಮಂಡಳಿಯು ಯೋಜನೆಗೆ ಮೊದಲು ಕೊಟ್ಟಿದ್ದ ಒಪ್ಪಿಗೆಯನ್ನು 2022ರಲ್ಲೇ ಹಿಂದಕ್ಕೆ ಪಡೆದಿದೆ.